ಸೋರುವ ಸದ್ದು

ಕಂಪ್ಯೂಟರ್ ಪರದೆಯಲ್ಲಿ ಐದು ಮೇಣದಬತ್ತಿ.
ಊದು ಊದು ಊದು ಅನ್ನುತ್ತಾಳೆ ನರ್ಸ್ ಅಂಪಾರೊ,
ಹೆರಿಗೆಮನೆಯಲ್ಲಿ ಮುಕ್ಕು ಮುಕ್ಕು ಅಂದ ಹಾಗೆ.
ಯೆರಾಲ್ಡಿನ್‌ಳ ಮೂಗಿಗೆ ಕ್ಲಿಪ್ಪು, ಕೆನ್ನೆ ಕೆಂಪು.
ಒಂದು ಆರಿತು, ಎರಡು, ಮೂರು.
ನಾಲ್ಕನೆಯದು ತಲೆಬಾಗಿ ಮತ್ತೆ ಎದ್ದು ನಿಂತಿತು.
ಐದನೆಯದಕ್ಕೆ ಇವಳ ಸುದ್ದಿಯೇ ತಲುಪಲಿಲ್ಲ.

ಒಂಬತ್ತು ತುಂಬಿತು ಮೊನ್ನೆ.
ಕೇಕಿನ ಮೇಲೆ ಒಂಬತ್ತನ್ನೂ ಆರಿಸಿದ್ದಳು,
ಬೆನ್ನ ಹಿಂದೆ ನಿಂತು ಕದ್ದು ಊದಿದ್ದು ನಾನು.

ನನ್ನದು ಸೈಕಲ್ ರಿಪೇರಿ, ಬೊಗೊಟಾದ ಬೋಸಾದಲ್ಲಿ.
ಗಾಳಿಯ ವ್ಯವಹಾರ ನನಗೆ ಗೊತ್ತು.
ಟ್ಯೂಬನ್ನು ಬೋಗುಣಿ ನೀರಿಗೆ ಅದ್ದಿ ಹಿಂಡಿದರೆ
ತೂತು ತಾನಾಗಿ ಬಾಯಿಬಿಡುತ್ತದೆ, ಗುಳುಗುಳು.
ಎದೆಗೂಡನ್ನು ಯಾವ ಬೋಗುಣಿಗೆ ಅದ್ದಲಿ?

ಇಪ್ಪತ್ತೆಂಟು ವಾರಕ್ಕೇ ಹೊರಬಂದವಳು,
ಒಂದು ಕಿಲೋ ಇಪ್ಪತ್ತು ಗ್ರಾಂ.
ನನ್ನ ಸ್ಪಾನರ್ ಡಬ್ಬಿ ಅದಕ್ಕಿಂತ ಭಾರ.
ಗಾಜಿನ ಪೆಟ್ಟಿಗೆಯಿಂದ ತೆಗೆದು
ನನ್ನ ಬರಿಯೆದೆಗೆ ಕಪ್ಪೆಯ ಹಾಗೆ ಅಂಟಿಸಿ ಬಟ್ಟೆ ಸುತ್ತಿದರು:
ನೀನೀಗ ಕಾಂಗರೂ ಅಪ್ಪ, ಅಲುಗಬೇಡ.
ಮನೆಗೆ ಬಂದ ಮೇಲೂ ಹಾಗೇ,
ನೂಬಿಯಾ ಹಗಲು, ನಾನು ರಾತ್ರಿ.
ಕೂತೇ ನಿದ್ದೆ, ಕೂತೇ ಬೆಲ್ಲದ ಬಿಸಿನೀರು.
ಎದೆಯ ಕೂದಲಿಗೆ ಅವಳ ಉಸಿರು ತಾಗುವುದನ್ನು ಎಣಿಸುತ್ತ,
ಎಣಿಕೆ ತಪ್ಪಿದರೆ ಎಚ್ಚರ.

ಏಪ್ರಿಲ್. ಮಳೆ ಹಿಡಿಯಿತು, ಬೆಟ್ಟ ಕಾಣಲಿಲ್ಲ.
ನನಗೆ ಮೂಗು ಸೋರುತ್ತಿತ್ತು. ಅಷ್ಟೇ.
ಜ್ವರವಿಲ್ಲ, ಕೆಮ್ಮಿಲ್ಲ,
ಮೂರು ದಿನಕ್ಕೆ ಹೋಗುವ ದೊಡ್ಡವರ ಶೀತ.
ಅಂಗಿಯ ತೋಳಿಗೆ ಒರೆಸಿಕೊಂಡು ಅವಳನ್ನು ಕಟ್ಟಿಕೊಂಡೆ.
ನೆತ್ತಿಗೆ ಮುತ್ತು ಕೊಟ್ಟೆನೇ? ಕೊಟ್ಟಿರಬೇಕು.
ಯಾರು ಕೊಡುವುದಿಲ್ಲ.

ಐದನೇ ದಿನ ಪಕ್ಕೆಲುಬಿನ ನಡುವೆ ಚರ್ಮ ಒಳಸೇದತೊಡಗಿತು,
ಉಸಿರಿಗೊಂದು ಹಳ್ಳ, ಉಸಿರಿಗೊಂದು ಹಳ್ಳ.
ಹದಿನೇಳು ದಿನ ಯಂತ್ರ ಅವಳ ತಿದಿಯೊತ್ತಿತು.
ವೈರಸ್ಸಿನ ಹೆಸರು ಬರೆದುಕೊಟ್ಟರು, ಮೂರೇ ಅಕ್ಷರ.
ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ.
ನೂಬಿಯಾ ಅಕ್ಕನ ಮಗನ ಮೇಲೆ ಅನುಮಾನಪಟ್ಟಳು,
ಎರಡು ವರ್ಷ ಆ ಮನೆಯ ಮೆಟ್ಟಿಲು ತುಳಿಯಲಿಲ್ಲ.
ನಾನು ಉಸಿರೆತ್ತಲಿಲ್ಲ.

ಎಪ್ಪತ್ತೊಂದು ಪ್ರತಿಶತ, ಅನ್ನುತ್ತಾರೆ ಈಗ ಡಾಕ್ಟರು.
ಹೋದ ವರ್ಷ ಎಪ್ಪತ್ತು. ಒಳ್ಳೆಯದೇ, ಅನ್ನುತ್ತಾರೆ.
ನೂರಾಗುತ್ತದೆಯೇ ಎಂದರೆ ಪೆನ್ನಿನ ಮುಚ್ಚಳ ಹುಡುಕುತ್ತಾರೆ.

ಭಾನುವಾರ ದೊಡ್ಡ ರಸ್ತೆಗೆ ಕಾರು ಬಿಡುವುದಿಲ್ಲ, ಊರೆಲ್ಲ ಸೈಕಲ್ಲು.
ಅವಳು ಮುಂದೆ, ನಾನು ಹಿಂದೆ, ಮೈಯೆಲ್ಲ ಕಿವಿ.
ಏರಿನಲ್ಲಿ ಕೇಳಿಸಿತು: ಸುಂಯ್, ಸುಂಯ್.
ಹಾರಿ ಹಿಡಿದೆ. ಜೇಬಿನಿಂದ ಇನ್‌ಹೇಲರ್ ತೆಗೆವಾಗ ಕೈ ನಡುಗಿತು.
"ಅಪ್ಪಾ, ಅದು ನಾನಲ್ಲ, ಚಕ್ರ."

ಹೌದು. ಗಾಜಿನ ಚೂರು.
ರಸ್ತೆಯಂಚಿಗೆ ಕೂತು ತಾನೇ ಟ್ಯೂಬು ಬಿಚ್ಚಿದಳು,
ಉಜ್ಜಿ, ಅಂಟು ಸವರಿ, ಒಣಗಲೆಂದು ಊದತೊಡಗಿದಳು,
ಚಿಕ್ಕಚಿಕ್ಕದಾಗಿ, ನಡುನಡುವೆ ನಿಂತು.
ನಾನೂ ಬಾಗಿದೆ, ಊದಲು.
ಮೊಣಕೈಯಿಂದ ತಳ್ಳಿದಳು.

"ಕೇಕಿನ ದಿನ ಊದಿದ್ದೂ ನೀನೇ. ನನಗೆ ಗೊತ್ತು."

ಇನ್ನೂ ಏನೇನು ಗೊತ್ತಿದೆಯೋ.