ಕೈ ತೊಳೆಯುವ ಕಲ್ಲು

ಎಸ್ಟೇಟಿನ ಗೇಟು ದಾಟುವ ಮೊದಲು
ಕೈ ತೊಳೆಯಬೇಕು.
ಬಲಕ್ಕೊಂದು ಕಲ್ಲು, ಕಲ್ಲಿನ ಗುಳಿಯಲ್ಲಿ ನೆನೆದ ಅಂಟುವಾಳ,
ಪಕ್ಕದಲ್ಲಿ ನೀಲಿ ಡ್ರಮ್ಮು.
ಮೊಣಕೈವರೆಗೂ ಉಜ್ಜಿ, ಉಗುರಿನ ಸಂದು ಕಡ್ಡಿಯಲ್ಲಿ ಕೆದಕಿ
ನನಗೆ ತೋರಿಸಬೇಕು.
ನಾನು ಹೆಸರಿನ ಮುಂದೆ ಗೀಟು ಎಳೆಯುತ್ತೇನೆ.
ಬರೆಯುವುದು ತಮಿಳಿನಲ್ಲಿ, ಎಣಿಸುವುದು ಕನ್ನಡದಲ್ಲಿ;
ತಾಳವಾಡಿಯ ಶಾಲೆ ನನ್ನನ್ನು
ಎರಡು ಬಟ್ಟೆ ಸೇರಿಸಿ ಹೊಲಿದು ಕಳಿಸಿತು.

ಯಾಕೆ ತೊಳೆಯಬೇಕೆಂದರೆ,
ಐದಕ್ಕೇ ಎದ್ದ ಜಡೆಮಾದಿ
ತನ್ನ ಮುಕ್ಕಾಲು ಎಕರೆ ಕೋಸಿಗೆ
ಔಷಧಿ ಹೊಡೆದು ಬಂದಿರುತ್ತಾಳೆ.
ಔಷಧಿ ಅನ್ನುತ್ತೇವೆ ನಾವು. ಅಂಗಡಿಯವನೂ ಹಾಗೇ ಅನ್ನುತ್ತಾನೆ.
ಡಬ್ಬಿಯ ಮೇಲಿನ ಕೆಂಪು ಗುರುತು
ಬೇರೆ ಏನನ್ನೋ ಅನ್ನುತ್ತದೆ.

ಒಳಗೆ ಹಾಗಲ್ಲ.
ಒಳಗೆ ಹುಳುವನ್ನು ಬೆರಳಿಂದ ಹೆಕ್ಕುತ್ತೇವೆ,
ಎಲೆಯ ಬೆನ್ನು ಮಗುಚಿ
ಮಗುವಿನ ತಲೆಯಲ್ಲಿ ಹೇನು ನೋಡುವ ಹಾಗೆ.
ಕುಂಬಮ್ಮ ಸಾಲಿಗೆ ಇನ್ನೂರು ತೆಗೆಯುತ್ತಾಳೆ
ಎಲೆ ಹರಿಯದೆ, ಮಾತು ಮುರಿಯದೆ.
ಕೊಟ್ಟಿಗೆಯ ಹಿಂದೆ ಕೇತೇಗೌಡ
ಸಗಣಿನೀರು ಕಲಕುತ್ತಾನೆ, ಬಲಕ್ಕೆ ನೂರು ಸುತ್ತು, ಎಡಕ್ಕೆ ನೂರು.
ಧಣಿ ಹೇಳಿದ್ದು. ಧಣಿಗೆ ಯಾರೋ ಸಮುದ್ರದಾಚೆಯವರು ಹೇಳಿದ್ದು.
ಗೌಡ ಎಣಿಸುವುದಿಲ್ಲ. ತಾತನಿಂದ ಬಂದ ಪದದ ಒಂದು ಸೊಲ್ಲು
ಬಾಯೊಳಗೇ ಅನ್ನುತ್ತಾನೆ;
ಸೊಲ್ಲು ಮುಗಿದಲ್ಲಿಗೆ ನೂರು.
ಒಂದು ದಿನ ಕೂತು ನಾನೂ ಎಣಿಸಿದೆ:
ನೂರಾ ನಾಲ್ಕು. ಪುಸ್ತಕದಲ್ಲಿ ನೂರು ಎಂದೇ ಬರೆದೆ.

ಕಳೆದ ತಿಂಗಳು ಸರ್ಟಿಫಿಕೇಟಿನವರು ಬಂದರು,
ದಿಂಬಂ ತಿರುವುಗಳಲ್ಲಿ ಮೂರು ಸಲ ವಾಂತಿ ಮಾಡಿಕೊಂಡು.
ಪಾಪ, ಮುಖ ತೊಳೆದದ್ದೂ ಇದೇ ಕಲ್ಲಿನ ಹತ್ತಿರ.
ಮಣ್ಣನ್ನು ಪೊಟ್ಟಣ ಕಟ್ಟಿದರು, ನನ್ನ ಗೀಟುಗಳನ್ನು ತಿರುವಿದರು.
ಆದರೆ ಹಿಂದಿನ ರಾತ್ರಿಯೇ ಇನ್ನೊಬ್ಬರು ಬಂದು
ಪರೀಕ್ಷೆ ಮುಗಿಸಿ ಹೋಗಿದ್ದರು:
ಬೇಲಿ ಮುರಿದು, ಹನ್ನೊಂದು ಸಾಲು ಕೋಸು ತಿಂದು,
ಒದ್ದೆ ಮಣ್ಣಿನಲ್ಲಿ ತಟ್ಟೆಯಗಲದ ಮೊಹರು ಒತ್ತಿ.
ಜಡೆಮಾದಿಯ ಹೊಲ ತುಳಿದುಕೊಂಡೇ ಬಂದದ್ದು.
ಅಲ್ಲಿ ಒಂದೆಲೆಗೂ ಸೊಂಡಿಲು ಇಟ್ಟಿರಲಿಲ್ಲ.
‘ನೋಡಿದ್ಯಾ ಕನವ್ವ, ಆನೆಗೂ ಗೊತ್ತು’ ಅಂದಳು
ನಗುತ್ತಾ.
ಆಮೇಲೆ ಇಡೀ ದಿನ ನಗಲಿಲ್ಲ.

ಇಲ್ಲಿ ಮಾಡುವುದನ್ನು ಅಲ್ಲೂ ಮಾಡಬಾರದಾ ಎಂದು
ನಾನೇ ಒಮ್ಮೆ ಕೇಳಿದ್ದೆ, ನೆರಳಲ್ಲಿ ನಿಂತು.
ಬಗ್ಗಿದ ಬೆನ್ನು ಎತ್ತದೆ ಹೇಳಿದಳು:
‘ಹುಳ ಹೆಕ್ಕಕೆ ಕೈ ಬೇಕು ಕನವ್ವ.
ಈ ಎರಡು ಕೈಯ
ಎಂಟರಿಂದ ಐದಕ್ಕೆ ನೀನು ಬರ್ಕಂಡಿದ್ದೀಯಲ್ಲ.’

ಅಮಾಸೆಗೆ ಕೆಲಸವಿಲ್ಲ.
ಯಾರೂ ಕರೆಯದಿದ್ದರೂ ಕುಂಬಮ್ಮ
ತನ್ನ ತಗಡಿನ ಡಬ್ಬ ಹಿಡಿದು ಜಡೆಮಾದಿಯ ಹೊಲಕ್ಕೆ ಹೋದಳಂತೆ.
ಎಲೆ ಮಗುಚಿದಳು. ಹುಳುವಿಲ್ಲ.
ಇನ್ನೊಂದು ಮಗುಚಿದಳು. ಇರುವೆಯೂ ಇಲ್ಲ, ಜೇಡನ ನೂಲೂ ಇಲ್ಲ.
ಯಾರೂ ಇಲ್ಲದ ಮನೆಯ ಬಾಗಿಲು ತಟ್ಟಿದ ಹಾಗಾಯ್ತು ಎಂದು
ನಮಗೆ ಹೇಳಿದಳು, ತಟ್ಟಿದ ಕೈಯನ್ನೇ ನೋಡಿಕೊಳ್ಳುತ್ತಾ.
‘ನಾಲ್ಕು ಸಾಲು ಬುಟ್ಟು ನೋಡು, ಮಾದಿ.
ನಾಲ್ಕೇ.’

ನಿನ್ನೆ ಬೆಳಿಗ್ಗೆ
ಜಡೆಮಾದಿ ಗೇಟಿನ ಬಳಿ ಕೈ ಚಾಚಿದಳು.
ಎಂದಿನ ಘಾಟಿಲ್ಲ. ಉಗುರಿನ ಸಂದಿಯಲ್ಲಿ
ಹಸಿರು ಮೆತ್ತಿತ್ತು,
ಹಿಸುಕಿದ ಹುಳುವಿನ ಹಸಿರು.
ಹೆಬ್ಬೆರಳ ಹತ್ತಿರ ಇನ್ನೂ ತೇವ.
ನಾನು ಕಲ್ಲಿನ ಕಡೆ ನೋಡಲಿಲ್ಲ, ಗೀಟು ಎಳೆದುಬಿಟ್ಟೆ.

ಅವಳೇ ಹೋಗಿ, ಅಭ್ಯಾಸ ನೋಡಿ,
ಅಂಟುವಾಳ ಕಿವುಚಿ
ನೊರೆ ಬರುವವರೆಗೂ ತೊಳೆದುಕೊಂಡು ಬಂದಳು.