ಬಾಕಿ

ಲಿಫ್ಟಿನ ಗೋಡೆಗೆ ಅಂಟಿಸಿದ್ದ ಚೀಟಿ:
ಪ್ಲಂಬರ್, ಪೇಂಟರ್, ಟೈಲ್ಸ್, ಎಲ್ಲ ಕೆಲಸ. ಕೆಳಗೊಂದು ಮೊಬೈಲ್ ನಂಬರು.
ಹೆಸರಿಲ್ಲ, ಕಂಪನಿಯಿಲ್ಲ, ಮೊಹರಿಲ್ಲ.
ಇಪ್ಪತ್ತಾರು ವರ್ಷ ಅಜ್ಮಾನಿನಲ್ಲಿ ಕಂಡವರ ಲೆಕ್ಕ ತಪಾಸಣೆ ಮಾಡಿದವನು ನಾನು,
ವೋಚರಿಲ್ಲದೆ ಚಹಾದ ಕಾಸನ್ನೂ ಪಾಸು ಮಾಡದವನು,
ಅದೇ ನಂಬರಿಗೆ ಫೋನು ಮಾಡಿದೆ.
ಅಗ್ಗ, ನೋಡಿ.

ಬಂದವನು ಮೊಸದ್ದೆಕ್. ಸಣಕಲು. ಚಪ್ಪಲಿ ಹೊರಗೇ ಬಿಟ್ಟ.
ಬಚ್ಚಲ ನೆಲಕ್ಕೆ ಕಿವಿಯಿಟ್ಟು
ಎದೆ ನೋಡುವ ಡಾಕ್ಟರಂತೆ ತಟ್ಟಿ ತಟ್ಟಿ ಕೇಳಿದ.
ಸಾವಿರಕ್ಕೆ ಮಾತಾಯಿತು. ಆರುನೂರು ಮುಂಗಡ,
ಕೈಯಿಂದ ಕೈಗೆ. ರಸೀದಿಯ ಮಾತು ಇಬ್ಬರೂ ಎತ್ತಲಿಲ್ಲ.

ನಾಲ್ಕು ದಿನ ಮನೆಯೆಲ್ಲ ಬಿಳಿ ಧೂಳು.
ಜಲಜಾಕ್ಷಿ ಪಕ್ಕದ ಫ್ಲಾಟಿಗೆ ಸ್ನಾನಕ್ಕೆ ಹೋಗಿಬಂದಳು.
ಐದನೆಯ ದಿನ ಕೆಳಮನೆಯ ಈಜಿಪ್ಟಿನಾಕೆ ಬಂದು
ಮಾತಿಲ್ಲದೆ ತನ್ನ ಒದ್ದೆ ತಲೆ ತೋರಿಸಿದಳು.
ಅದೇ ಸಂಜೆ ಅವನು, ಟೈಲ್ಸಿನ ರಟ್ಟು ಹರಿದು
ಪೆನ್ಸಿಲಿನಲ್ಲಿ ಬರೆದ ಬಿಲ್ಲು ಹಿಡಿದು ನಿಂತ:
ಎಂಟು, ಸೊನ್ನೆ, ಸೊನ್ನೆ.

ಎಂದೂ ಎತ್ತದ ದನಿ ಎತ್ತಿದೆ.
ಲೈಸೆನ್ಸ್ ಇದೆಯೇನೋ? ವೀಸಾ ಯಾವ ಕಫೀಲನದು?
ಪೊಲೀಸರ ಹೆಸರೂ ಹೇಳಿದೆ, ಹೌದು.
ಅವನು ರಟ್ಟಿನ ಅಂಕಿಗೆ ಬೆರಳಿಟ್ಟು ತೋರಿಸಿದ, ಮತ್ತೆ ತೋರಿಸಿದ,
ಆಮೇಲೆ ಲಿಫ್ಟಿಗೂ ಕಾಯದೆ
ಏಳು ಮಹಡಿ ಮೆಟ್ಟಿಲಿಳಿದ.

ಟೈಪಿಂಗ್ ಸೆಂಟರಿನ ಕಾಸರಗೋಡಿನ ಹುಡುಗ ಕನ್ನಡದಲ್ಲೇ ಹೇಳಿದ:
'ಮನೆ ನಿಮ್ಮದು ಸಾರ್, ಹಕ್ಕೂ ನಿಮ್ಮದೇ.
ಸೋರುವ ಕೆಲಸಕ್ಕೆ ದುಡ್ಡು ಯಾಕೆ ಕೊಡಬೇಕು?
ಆದರೆ ದೂರು ಬರೆಸಿದರೆ ಮೊದಲ ಪ್ರಶ್ನೆ ನಿಮಗೇ:
ಇವನನ್ನು ಒಳಗೆ ಕರೆದದ್ದು ಯಾರು?'
ಬರೆಸಲಿಲ್ಲ. ಆದರೂ ಗೆದ್ದ ಹಾಗೆ ಅನ್ನಿಸಿ
ದಾರಿಯಲ್ಲಿ ಒಂದು ಕರಕ್ ಚಹಾ ಕುಡಿದೆ.

ರಟ್ಟನ್ನು ಕಸಕ್ಕೆ ಹಾಕುವಾಗ ವಾಚ್‌ಮನ್ ಶೊಫಿಕ್ ಎತ್ತಿ ನೋಡಿದ.
'ಎಂಟಲ್ಲ ಸಾಬ್. ನಮ್ಮ ಬಂಗಾಳಿಯಲ್ಲಿ
ನಾಲ್ಕು ಬರೆಯುವುದೇ ಹೀಗೆ.'

ಫೋನು ಸ್ವಿಚ್ ಆಫ್. ಲಿಫ್ಟಿನ ಚೀಟಿಯನ್ನು ಯಾರೋ ಕೆರೆದು ತೆಗೆದಿದ್ದಾರೆ,
ಗೋಂದಿನ ಚೌಕ ಮಾತ್ರ ಉಳಿದಿದೆ.
ಬಚ್ಚಲು ಈಗಲೂ ಸೋರುತ್ತದೆ, ಅದೂ ಸುಳ್ಳಲ್ಲ.
ಡೈರಿಯಲ್ಲಿ ನಾನೂರು ಎಂದು ಬರೆದವನು
ಕೊಡಬೇಕಾದದ್ದೋ ಬರಬೇಕಾದದ್ದೋ ಬರೆದಿಲ್ಲ.
ಅವನ ರಸಮಟ್ಟ ಇಲ್ಲೇ ಉಳಿಯಿತು, ಫ್ರಿಜ್ಜಿನ ಮೇಲೆ.
ಗುಳ್ಳೆ ನಡುಗೆರೆ ದಾಟಿ ಒಂದು ಬದಿಗೆ ನಿಂತಿದೆ.
ಕಾಲಡಿಗೆ ಏನಾದರೂ ಮಡಿಸಿ ಇಡಿ, ಅನ್ನುತ್ತಾಳೆ ಜಲಜಾಕ್ಷಿ.
ಆ ರಟ್ಟನ್ನು ಬಿಟ್ಟು
ಬೇರೆ ರಟ್ಟು ಹುಡುಕುತ್ತಿದ್ದೇನೆ.