ಪಡೆದವರ ಸಹಿ

ದಾಮ್ಲೆ ವಕೀಲರು ಫೋನಿನಲ್ಲೇ ಬರೆಸಿದರು,
ಉಗುಳು ನುಂಗಲೂ ಬಿಡುವು ಕೊಡದೆ:
ಮುಂಚಿತವಾಗಿ ತಿಳಿಸದೆ, ರಜೆ ಮಂಜೂರಾಗದೆ
ಇಪ್ಪತ್ತೆರಡು ದಿನ ಗೈರುಹಾಜರು.
ಏಳು ದಿನದೊಳಗೆ ಕಾರಣ ಕೊಡತಕ್ಕದ್ದು.
ಇಲ್ಲವಾದರೆ...
ಇಲ್ಲವಾದರೆ ಏನ್ರೀ, ಅಂದೆ.
‘ಅಷ್ಟಕ್ಕೇ ಬಿಡಿ. ಮುಂದಿನದು ಕಾಯ್ದೆ ಮಾತಾಡತದ.
ಮತ್ತೆ, ಮರಾಠಿಯಲ್ಲೇ ಇರಲಿ.
ಪಡೆಯುವವನಿಗೆ ತಿಳಿಯುವ ಭಾಷೆಯೇನು ಅಂತ
ನಾಳೆ ಕೋರ್ಟು ಕೇಳತದ.’

ನಾನು ಕೇಳಬೇಕೆಂದಿದ್ದವು ಬೇರೆ.
ಹತ್ತೊಂಬತ್ತು ವರ್ಷ ಒಂದೇ ಡೈಕಟಿಂಗ್ ಮಿಷನ್ನಿನ ಮುಂದೆ ನಿಂತವನು
ಒಂದು ಸೋಮವಾರ ಬಾರದಿದ್ದರೆ
ಅದಕ್ಕೆ ಗೈರು ಅನ್ನಬೇಕೋ, ಕಾಣೆ ಅನ್ನಬೇಕೋ?
ಬಾಕಿ ಪಗಾರ ಯಾರ ಕೈಯಲ್ಲಿ ಇಡೂದು?
ಆ ಮಿಷನ್ನಿಗೆ ಹೋದ ಎಡಗೈ ತೋರುಬೆರಳಿನ ತುದಿ,
ಅಪ್ಪ ಆಗ ಎರಡು ಸಾವಿರ ಕೊಟ್ಟಿದ್ದ, ರಸೀದಿ ಇಲ್ಲದೆ,
ಅದು ಯಾವ ಕಾಲಮ್ಮಿನಲ್ಲಿ ಜಮಾ?
ಕೇಳಲಿಲ್ಲ. ದಾಮ್ಲೆಯವರದು ನಿಮಿಷದ ಲೆಕ್ಕ.

ಹಾಜರಿ ಪುಸ್ತಕ ತೆಗೆದರೆ ಅಪ್ಪನ ಅಕ್ಷರ.
ಹೆಸರು ಇಂಗ್ಲಿಷಿನಲ್ಲಿ, ಷರಾ ಕನ್ನಡದಲ್ಲಿ,
ಇನ್ಸ್‌ಪೆಕ್ಟರ್ ಓದಬಾರದೆಂದು.
ಬಾಳು ವಾಘಚೌರೆ. ಬೀಡ ಕಡೆಯವ.
ಮಾತು ಕಮ್ಮಿ, ಕೈ ಚುರುಕು. ಮಲಗಲು ಗೋದಾಮು ಕೊಟ್ಟದ್ದು ಅದ.
ಕಾಯಂ ವಿಳಾಸದ ಮುಂದೆ
ನಮ್ಮದೇ ಪ್ಲಾಟ್ ನಂಬರು, ಸೆಕ್ಟರ್ ಏಳು, ಭೋಸರಿ.

ಈಗ ದಿಘಿಯಲ್ಲೆಲ್ಲೋ ಖೋಲಿ ಮಾಡಿದ್ದ ಅಂತಾರೆ.
ಅಲ್ಲಿ ಒಂದು ಕಪ್ಪು ಚಹಾ ಕುಡಿದವರು
ನಮ್ಮ ಹನ್ನೊಂದು ಜನರಲ್ಲಿ ಒಬ್ಬರೂ ಇಲ್ಲ,
ನಾನಂತೂ ಇಲ್ಲವೇ ಇಲ್ಲ.
ಲಕೋಟೆಯ ಮೇಲೆ ಪುಸ್ತಕದಲ್ಲಿ ಇದ್ದದ್ದನ್ನೇ ಬರೆದೆ.
ಪೋಸ್ಟಿನ ಹುಡುಗಿ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು:
‘ಕಳಿಸುವವರದೂ ಪಡೆಯುವವರದೂ ಒಂದೇ ವಿಳಾಸ ಮ್ಯಾಡಮ್?’
ಒಂದೇ, ಅಂದೆ.
ತೂಗಿ, ಮುದ್ರೆ ಹೊಡೆದಳು.

ಗುರುವಾರ ಸೂಟಿ. ಇಡೀ ಎಮ್‌ಐಡಿಸಿ ತೆಪ್ಪಗೆ.
ಶುಕ್ರವಾರ ಹಿಟ್ಟಿನ ಅಂಟು ಕುದಿಯುವ ಹೊತ್ತಿಗೆ
ಪೋಸ್ಟಮನ್ ಬಂದು ಬಾಗಿಲಲ್ಲೇ ನಿಂತು ಕೂಗಿದ:
‘ವಾಘಚೌರೆ! ಬಾಳು ವಾಘಚೌರೆ!’
ಯಾರೋ ಮಿಷನ್ ನಿಲ್ಲಿಸಿದರು.
ಇಷ್ಟು ದಿನ ಆ ಹೆಸರು ಯಾರ ಬಾಯಲ್ಲೂ ಬಂದಿರಲಿಲ್ಲ.
‘ಇಲ್ಲವಾ? ಮನೆಯವರು ಯಾರಾದರೂ ಸಹಿ ಮಾಡ್ರಿ, ಬೇಗ.’

ಮನೆಯವರು.
ಹನ್ನೊಂದೂ ಜನ ನನ್ನ ಕಡೆಗೆ ತಿರುಗಿದರು,
ಆಪಾದನೆ ಏನಲ್ಲ, ಸುಮ್ಮನೆ,
ಲೈಟು ಹೋದಾಗ ಮೀಟರ್ ಕಡೆ ತಿರುಗುತ್ತಾರಲ್ಲ, ಹಾಗೆ.
ಸಹಿ ಹಾಕಿದೆ.
‘ಸಂಬಂಧ?’ ಅಂದ.
ದಾರ ಕಟ್ಟಿದ ಪೆನ್ನು; ಅಷ್ಟೇ ದೂರಕ್ಕೆ ಬರುತ್ತಿತ್ತು.
ಮಾಲಕಿ ಎಂದು ಬರೆಯಹೋದೆ.
ಮಾ ಆಯಿತು, ಉಳಿದದ್ದು ಮೂಡಲಿಲ್ಲ, ಶಾಯಿ ಮುಗಿದಿತ್ತು.
‘ಸಾಕು ಬಿಡ್ರಿ’ ಎಂದು ಹರಿದು ಕೊಟ್ಟ.

ಹೊಸ ಹುಡುಗ ಸಂಜೆ ಕೇಳಿದ:
ಅಕ್ಕಾ, ಈ ನಟ್ಟು ಯಾವ ಕಡೆ ತಿರುವಬೇಕು?
ಗೊತ್ತಿಲ್ಲಪ್ಪಾ.

ಈಗ ನೋಟೀಸು ನನ್ನ ಡ್ರಾವರಿನಲ್ಲಿದೆ,
ಶಾಸ್ತ್ರೋಕ್ತವಾಗಿ ತಲುಪಿದೆ, ತಲುಪಿದವಳು ನಾನು.
ಏಳು ದಿನದೊಳಗೆ ಕಾರಣ ಕೊಡತಕ್ಕದ್ದು.
ಇವತ್ತಿಗೆ ಮೂರು ಆದವು.
ದಾಮ್ಲೆಯವರಿಗೆ ಫೋನು ಹಚ್ಚಿಲ್ಲ.
ಹಾಜರಿ ಪುಸ್ತಕದಲ್ಲಿ, ಅಪ್ಪನ ಷರಾದ ಕೆಳಗೆ,
ನನಗೆ ತಿಳಿಯುವ ಭಾಷೆಯಲ್ಲಿ ಬರೆಯಲು
ಜಾಗ ಇದೆ, ಒಂದು ಸಾಲಿನಷ್ಟು.